ಅತ್ತೆಯ ಉಸಿರಿನಲ್ಲಿ ಮೆಕ್ಕೆಜೋಳ

ಜನರ ಉಸಿರನ್ನು ಚೀಲಕ್ಕೆ ತುಂಬಿಸಿಕೊಂಡು ಯಂತ್ರಕ್ಕೆ ಕೊಡುವುದು ಪ್ರಯೋಗಾಲಯದಲ್ಲಿ ಆಕೆಯ ಕೆಲಸ. ಮನುಷ್ಯರ ಹೊಟ್ಟೆಯಲ್ಲಿ ಹುಟ್ಟುವ ಮೀಥೇನ್ ಉಸಿರಿನ ಜೊತೆಗೂ ಹೊರಬರುತ್ತದೆ. ಅದರಲ್ಲಿರುವ ಕಾರ್ಬನ್ನಿನ ಎರಡು ಐಸೊಟೋಪುಗಳಲ್ಲಿ, ಅಂದರೆ ಬೇರೆ ಬೇರೆ ತೂಕದ ಎರಡು ಬಗೆಗಳಲ್ಲಿ, ಹಗುರದ್ದೆಷ್ಟು, ತುಸು ಭಾರದ್ದೆಷ್ಟು ಎಂದು ಯಂತ್ರ ಹೇಳುತ್ತದೆ. ಆದರೆ ಎಲ್ಲರ ಉಸಿರಿನಲ್ಲೂ ಮೀಥೇನ್ ಸಿಗುವುದಿಲ್ಲ. ಆಕೆ ಊದಿದಾಗ ಪರದೆಯ ಗೆರೆ ಮಿಸುಕಲಿಲ್ಲ. ಗಂಡನದ್ದೂ ಅದೇ ಕತೆ. ಅತ್ತೆ ಊದಿದ್ದೇ ತಡ, ಗೆರೆ ನೆಟ್ಟಗೆ ಮೇಲೇರಿತು.

“ಮನೇಲಿ ನನ್ನ ಮಾತಿಗಂತೂ ಬೆಲೆ ಇಲ್ಲ, ಉಸಿರಿಗಾದ್ರೂ ಇದೆಯಲ್ಲ,” ಎಂದು ಅತ್ತೆ ಮಾದರಿ ಕೊಡಲು ಒಪ್ಪಿಕೊಂಡರು.

ಅವರು ವಾರವಿಡೀ ಅಕ್ಕಿ, ಗೋಧಿ, ತರಕಾರಿ ಮಾತ್ರ ತಿನ್ನಬೇಕಿತ್ತು. ಮೆಕ್ಕೆಜೋಳದಲ್ಲೂ ಕಬ್ಬಿನ ಸಕ್ಕರೆಯಲ್ಲೂ ಭಾರದ ಕಾರ್ಬನ್ ಹೆಚ್ಚು; ತಿಂದರೆ ಅದು ಉಸಿರಿನಲ್ಲೂ ಕಾಣಿಸಿಕೊಂಡು ಅಳತೆ ಕೆಡುತ್ತದೆ. ಹೀಗೆ ಅಕ್ಕಿ-ಗೋಧಿ ಮಾತ್ರ ತಿನ್ನುವವರ ಗುಂಪಿಗೆ ಮೀಥೇನ್ ಇರುವವರು ಬೇರೆ ಯಾರೂ ಸಿಕ್ಕಿರಲಿಲ್ಲ. ಈ ಮಾದರಿ ಕೈಕೊಟ್ಟರೆ ಇಡೀ ಗುಂಪಿನ ಅಳತೆಯನ್ನೇ ಕೈಬಿಡಬೇಕಾಗುತ್ತದೆ ಎಂದು ಪ್ರಯೋಗಾಲಯದ ಮುಖ್ಯಸ್ಥರು ಹೇಳಿದ್ದರು.

ಮಾದರಿ ಕೈಕೊಟ್ಟಿತು. ಭಾರದ ಕಾರ್ಬನ್ ಇರಬೇಕಾದ್ದಕ್ಕಿಂತ ಜಾಸ್ತಿ. ಆಕೆ ಮೊದಲು ಯಂತ್ರವನ್ನೇ ಅನುಮಾನಿಸಿ, ಅಳತೆ ಗೊತ್ತಿರುವ ಅನಿಲ ಹಾಯಿಸಿ ನೋಡಿದಳು. ಯಂತ್ರ ಸರಿಯಿತ್ತು. ಸಂಜೆ ಮನೆಯಲ್ಲಿ ಪಾತ್ರೆ ಒರೆಸುತ್ತ, ಮೆಕ್ಕೆಜೋಳದ್ದೇನಾದರೂ ತಿಂದಿರಾ ಎಂದು ಅತ್ತೆಯನ್ನು ಮೆಲ್ಲಗೆ ಕೇಳಿದಳು. ಅತ್ತೆಗೆ ಸಿಟ್ಟು ನೆತ್ತಿಗೇರಿತು. ಈ ವಯಸ್ಸಿನಲ್ಲಿ ಕದ್ದು ತಿನ್ನುವ ಗತಿ ತನಗೇನೂ ಬಂದಿಲ್ಲ ಎಂದರು. ಅಷ್ಟರಲ್ಲಿ ಅವರ ಕಣ್ಣು ಅಲ್ಲೇ ಇದ್ದ ಮೊಮ್ಮಗಳ ಮೇಲೆ ಬಿತ್ತು. ಮಗು ತಲೆ ತಗ್ಗಿಸಿತು.

ವಿಷಯ ಕಾರ್ನ್‌ಫ್ಲೇಕ್ಸಿನದು ಎಂದು ಆಮೇಲೆ ಹೊರಬಿತ್ತು. ಬೆಳಿಗ್ಗೆ ತಾಯಿ ಕೆಲಸಕ್ಕೆ ಹೊರಟ ಮೇಲೆ ಮಗಳು ಅರ್ಧ ಬಟ್ಟಲು ಬಿಟ್ಟು ಏಳುತ್ತಿದ್ದಳು. ಉಳಿದದ್ದನ್ನು ಅಜ್ಜಿ ಸಿಂಕಿನ ಮುಂದೆ ನಿಂತೇ ಮುಗಿಸುತ್ತಿದ್ದರು. ಇದು ತಿಂಗಳುಗಟ್ಟಲೆಯಿಂದ ನಡೆದಿತ್ತು. ಮಗಳು ತಟ್ಟೆಯಲ್ಲಿ ಚೂರೂ ಬಿಡುವುದಿಲ್ಲ ಎಂದು ಆಕೆ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

“ಅದೂ ಮೆಕ್ಕೆಜೋಳದ್ದೇ ಅಲ್ವಾ, ಅತ್ತೆ?”

“ಮಗು ಬಿಟ್ಟಿದ್ದು ನನ್ನ ಊಟ ಹೇಗಾಗುತ್ತೆ? ಚೆಲ್ಲೋಕೆ ಮನಸ್ಸು ಬರಲಿಲ್ಲ, ಬಾಯಿಗೆ ಹಾಕ್ಕೊಂಡೆ. ಅದನ್ನೂ ನಿನ್ನ ಯಂತ್ರ ಲೆಕ್ಕ ಇಡುತ್ತೆ ಅಂತ ನನಗೇನು ಗೊತ್ತು?”

ಮುಖ್ಯಸ್ಥರು ಇನ್ನೊಂದು ವಾರ ಕೊಟ್ಟರು. ಆ ವಾರ ಆಕೆ ದಿನವೂ ಮಗಳ ತಿಂಡಿ ಮುಗಿಯುವವರೆಗೆ ಕಾದು ತಡವಾಗಿ ಹೊರಟಳು. ಹಾಲಿನಲ್ಲಿ ನೆನೆದು ಮೆತ್ತಗಾದದ್ದು ತನಗೆ ಸೇರುವುದಿಲ್ಲ ಎಂದು ಮಗಳು ಕೊನೆಗೂ ಬಾಯಿಬಿಟ್ಟಳು. ಅವಳ ತಟ್ಟೆಗೆ ಟೋಸ್ಟ್ ಮಾಡಿದ ಬ್ರೆಡ್ ಬಂತು. ಅತ್ತೆ ಮತ್ತೆ ಊದಿದರು. ಈ ಸಲ ಅಂಕಿ ಇಳಿದು, ಇರಬೇಕಾದಲ್ಲಿಗೇ ಬಂದು ನಿಂತಿತು. ಗುಂಪಿನ ಅಳತೆ ಉಳಿಯಿತು.

ಅತ್ತೆಗೆ ಬೇರೆಯದೇ ಚಿಂತೆ. “ಮೊದಲ ಸಲದ್ದು ಯಾಕೆ ಕೆಟ್ಟಿತು ಅಂತ ನಿಮ್ಮ ಸಾಹೇಬರಿಗೆ ಏನು ಹೇಳ್ದೆ?”

“ಇದ್ದದ್ದನ್ನೇ ಹೇಳ್ದೆ. ಅವರ ಮನೇಲೂ ಮಗ ಬಿಟ್ಟಿದ್ದನ್ನ ಅವರೇ ತಿನ್ನೋದಂತೆ.”