ಆಲ್‌ದೋ ಬಂದಲ್ಲಿ ಬಟ್ ಯಾಕೆ?

ಅಬ್ಬಿಗೇರಿಯ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ಕಮರುನ್ನಿಸಾ ಯಾರಿಗೂ ಅಂಜಿದವರಲ್ಲ. ಆದರೆ ೨೦೦೭ರಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಕಲಿಸಬೇಕೆಂಬ ಆದೇಶ ಬಂದಾಗ ಅವರೂ ಅಂಜಿದರು. ಹತ್ತನೇ ಇಯತ್ತೆ ಪಾಸಾಗಲು ಓದಿದ್ದೆಷ್ಟೋ ಅಷ್ಟೇ ಅವರ ಇಂಗ್ಲಿಷ್. ಇತ್ತ ಊರವರು ಇಂಗ್ಲಿಷ್ ಆಸೆಗೆ ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಗೆ ಹಚ್ಚುತ್ತಿದ್ದರು. ಹೀಗೇ ನಡೆದರೆ ಶಾಲೆಗೆ ಬೀಗ ಬೀಳುವುದು ದೂರವಿರಲಿಲ್ಲ.

ತಾಲ್ಲೂಕು ಊರಾದ ರೋಣದಲ್ಲಿ ಶಿಕ್ಷಕರಿಗೆ ತರಬೇತಿ ನಡೆಯಿತು. ಕೊನೆಯ ದಿನ ಎಲ್ಲರೂ ಮಾದರಿ ಪಾಠ ಮಾಡಬೇಕು. ಕಮರುನ್ನಿಸಾರ ಪಾಲಿಗೆ ಬಂದದ್ದು ವಾಕ್ಯ ಜೋಡಿಸುವ ಪದಗಳು. ಅವರು ಸೀಮೆಸುಣ್ಣ ಹಿಡಿಯುವ ಹೊತ್ತಿಗೇ ಇಲಾಖೆಯ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು.

'ಆ್ಯಂಡ್' ಹೇಗೋ ದಾಟಿತು. 'ಬಿಕಾಸ್' ಕೂಡ. ಆಮೇಲೆ ಬರೆದರು: 'ಆಲ್‌ದೋ ಇಟ್ ರೇನ್ಡ್, ಬಟ್ ವಿ ವೆಂಟ್ ಟು ಸ್ಕೂಲ್.'

"ಬಾಯಾರ, ಅದನ್ನ ಇನ್ನೊಮ್ಮೆ ನೋಡ್ರಿ," ಎಂದ ತರಬೇತಿ ಕೊಡುತ್ತಿದ್ದ ಅಯ್ಯಪ್ಪ. ಕಮರುನ್ನಿಸಾರ ಕೈಯಲ್ಲಿ ಕಲಿತವರ ವಯಸ್ಸಿನ ಹುಡುಗ.

ನೋಡಿದರು. ತಪ್ಪು ಕಾಣಲಿಲ್ಲ. ಮನೆಯಲ್ಲಿ ತಂದೆ ಓದಿಸಿದ ಉರ್ದುವಿನಲ್ಲಿ 'ಆಲ್‌ದೋ' ಅರ್ಥದ 'ಅಗರ್‌ಚೆ' ಎಂದು ಶುರುವಾದ ಮಾತಿನ ನಡುವೆ 'ಬಟ್' ಅರ್ಥದ 'ಲೇಕಿನ್' ಬರುತ್ತಿತ್ತು. ಇಲ್ಲಿಯೂ ಹಾಗೇ ಎಂದುಕೊಂಡಿದ್ದರು. ಯಾರೋ ಕಿಸಕ್ಕೆಂದರು.

"ಇರ್ಲಿ ಬಿಡ್ರಿ, ನೀವು ಕೂಡ್ರಿ. ಬ್ಯಾರೇದವ್ರು ಹೇಳ್ತಾರ," ಎಂದರು ಸಾಹೇಬರು.

ಈಗ ಕೂತರೆ ಮತ್ತೆಂದೂ ಇಂಗ್ಲಿಷ್ ಪಾಠಕ್ಕೆ ನಿಲ್ಲಲಾರೆ ಎಂದು ಅವರಿಗೆ ಅನ್ನಿಸಿತು. "ಸ್ವಲ್ಪ ತಡೀರಿ ಸರ್," ಎಂದು ಹಲಗೆಯತ್ತ ತಿರುಗಿ, ಮಕ್ಕಳಿಗೆ ಹೇಳುವಂತೆ ಆ ಮಾತನ್ನು ಕನ್ನಡದಲ್ಲಿ ಹೇಳಿಕೊಂಡರು: "ಮಳಿ ಬಂದ್ರೂ ಸಾಲಿಗಿ ಹೋದ್ವಿ."

ಇನ್ನೊಮ್ಮೆ ಹೇಳಿದರು, ನಿಧಾನವಾಗಿ. 'ಬಂದ್ರೂ' ಅಂದಲ್ಲಿಗೇ 'ಬಟ್' ಮಾಡುವ ಕೆಲಸ ಮುಗಿದಿತ್ತು.

"ಮಳಿ ಬಂದ್ರೂ, ಆದ್ರ ಸಾಲಿಗಿ ಹೋದ್ವಿ ಅಂತ ಯಾರಂತಾರ?" ಎನ್ನುತ್ತ ಅಂಗೈಯಿಂದಲೇ 'ಬಟ್' ಒರೆಸಿದರು. "ಆಲ್‌ದೋ ಇದ್ರ ಬಟ್ ಬ್ಯಾಡ. ಬಟ್ ಬೇಕಂದ್ರ ಆಲ್‌ದೋ ಬಿಡಬೇಕು."

ಮೊದಲೇ ಬರೆದಿದ್ದ ಮೇಲಿನ ಸಾಲಿಗೆ ಕಣ್ಣು ಹೋಯಿತು. 'ಬಿಕಾಸ್ ಐ ವಾಸ್ ಇಲ್, ಸೋ ಐ ಸ್ಟೇಡ್ ಹೋಮ್.' ಯಾರೂ ಹೇಳುವ ಮೊದಲೇ 'ಸೋ' ಅಳಿಸಿದರು.

"ಅದನ್ನೂ ಹೇಳಾಂವ ಇದ್ದೆ," ಎಂದು ಅಯ್ಯಪ್ಪ ನಕ್ಕ. ಸಾಹೇಬರು ತಲೆಯಾಡಿಸಿದರು. "ಮಕ್ಕಳಿಗೂ ಹಿಂಗ ಹೇಳ್ರಿ."

ಬಿಟ್ಟು ಹೋದ ಮಕ್ಕಳೆಲ್ಲ ಮರಳಲಿಲ್ಲ, ಆದರೂ ಶಾಲೆ ಉಳಿಯಿತು. ಅಂಜಿಕೆಯೂ ಪೂರ್ತಿ ಹೋಗಲಿಲ್ಲ. ತರಗತಿಗೆ ಕಾಲಿಡುವ ಮೊದಲು ಅವತ್ತಿನ ಇಂಗ್ಲಿಷ್ ಮಾತುಗಳನ್ನು ಕನ್ನಡದಲ್ಲಿ ಒಮ್ಮೆ ಗುನುಗಿಕೊಳ್ಳುವುದು ಅವರಿಗೆ ರೂಢಿಯಾಯಿತು.