ಐದು ಖಣ ಕೆಂಪು, ಎರಡು ಖಣ ಕಪ್ಪು

ಹಾನಗಲ್ಲಿನ ಬಸ್ ಸ್ಟ್ಯಾಂಡಿಗೆ ಹೋಗುವವರು ಈಗೀಗ ನಮ್ಮ ಮನೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಕತ್ತೆತ್ತಿ ನೋಡುತ್ತಾರೆ. ನಗುತ್ತಾರೆ. ಮುಂದೆ ಹೋಗುತ್ತಾರೆ.

ನಗಲಿ. ಏಳು ಖಣದ ಮನೆ ನಮ್ಮದು. (ಕಂಬದಿಂದ ಕಂಬದವರೆಗಿನ ಜಾಗಕ್ಕೆ ನಾವು ಒಂದು ಖಣ ಎನ್ನುತ್ತೇವೆ.) ಅದರಲ್ಲಿ ಐದು ಖಣದ ಮೇಲೆ ಹೊಚ್ಚ ಹೊಸ ಮಂಗಳೂರು ಹೆಂಚು, ಕುಂಕುಮದಂಥ ಕೆಂಪು. ಉಳಿದೆರಡರ ಮೇಲೆ ನಮ್ಮ ಮಾವನವರ ಕಾಲದ ನಾಡಹೆಂಚು, ಹಾವಸೆ ಹಿಡಿದು ಕಪ್ಪು. ಅರ್ಧ ಕ್ಷೌರಕ್ಕೇ ಎದ್ದುಬಂದವನ ತಲೆಯ ಹಾಗೆ ಕಾಣುತ್ತದೆ, ಸುಳ್ಳಲ್ಲ.

ನಕ್ಕವರು ಒಳಗೆ ಬಂದರೆ ಕೇಳುವುದು ಒಂದೇ ಮಾತು. "ಎಷ್ಟು ಬಿತ್ರಿ ಅಕ್ಕಾರ?"

ಎಷ್ಟು ಬಿತ್ತು? ಮನೆಯ ಹೆಂಚು ಬದಲಿಸಬೇಕೆಂದು ನಿಮ್ಮಲ್ಲೂ ಎಷ್ಟೋ ಮಂದಿ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿರುತ್ತೀರಿ. ಅದಕ್ಕೇ ಈ ವಾರ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ.

ನಮ್ಮ ಮಗಳು ಶಾಂತಾಳನ್ನು ಹಿರೇಕೆರೂರಿಗೆ ಕೊಟ್ಟಿದ್ದೇವೆ. ಹೋದ ವರ್ಷ ಒಮ್ಮೆ ಬಸಿರು ನಿಂತದ್ದು ಕೈಗೂಡಲಿಲ್ಲ. ಈ ವರ್ಷ ದೇವರು ಮತ್ತೆ ಕಣ್ಣು ತೆರೆದ. ಏಳನೇ ತಿಂಗಳಲ್ಲಿ ಕರೆದುಕೊಂಡು ಬಂದು ಬಾಣಂತನ ಇಲ್ಲೇ ಮಾಡಬೇಕು. ಆದರೆ ಬೀಗಿತ್ತಿ ಕುಬಸದ (ಸೀಮಂತದ) ದಿನವೇ ನನ್ನ ಕಿವಿಯಲ್ಲಿ ಹೇಳಿದರು. "ನಿಮ್ಮ ಮನಿ ಭಾಳ ಸೋರ್ತೈತಂತಲ್ರಿ. ಥಂಡಿಯಾಗ ಕೂಸಿಗೆ ಏನರ ಆದ್ರ? ಇಲ್ಲೇ ಇರ್ಲಿ ಬಿಡ್ರಿ ಈ ಸರ್ತಿ."

ಮೊದಲ ಹೆರಿಗೆ ತವರಲ್ಲಿ ಬೇಡವೆಂದರೆ ಹೆತ್ತ ತಾಯಿಗೆ ಹೇಗಾಗಬೇಡ? ಬಸ್ಸಿನಲ್ಲಿ ಹಾನಗಲ್ಲು ಮುಟ್ಟುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದೆ. ಅವರು ಹೇಳಿದ್ದು ನಿಜ ಎಂಬುದೇ ಹೆಚ್ಚು ಚುಚ್ಚಿತು. ಮಳೆಗಾಲದಲ್ಲಿ ನಮ್ಮಲ್ಲಿ ಅಡಿಗೆಗೆ ಪಾತ್ರೆ ಸಿಗುವುದಿಲ್ಲ. ಎಲ್ಲವೂ ಸೋರುವ ಹನಿಯ ಕೆಳಗೆ ಡ್ಯೂಟಿಯ ಮೇಲಿರುತ್ತವೆ.

ನಮ್ಮವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಕೂಡಿಟ್ಟದ್ದು ಐದು ನೂರು ರೂಪಾಯಿಯ ಆಸುಪಾಸು ಇತ್ತು. ಶಿಗ್ಗಾಂವಿಯಿಂದ ಒಬ್ಬ ಕಂಟ್ರಾಕ್ಟರನನ್ನು ಕರೆಸಿದರು. ಆತ ಅಂಗಳದಲ್ಲೇ ನಿಂತು, ಮೇಲೆ ಹತ್ತದೆ, ಸಿಗರೇಟು ಮುಗಿಯುವುದರೊಳಗೆ ಎಸ್ಟಿಮೇಟ್ ಹೇಳಿದ. "ಎಂಟುನೂರಾ ಐವತ್ತು. ಜಂತಿ ಎಲ್ಲಾ ಹೊಸಾವು. ಒಮ್ಮೆಲೇ ಬಿಚ್ಚಿ ಒಗೀತೇವಿ, ಮೂರು ದಿನದಾಗ ಮುಗಸ್ತೇವಿ. ಹಳೇ ಹೆಂಚು ನಮಗ."

ನಾವು ರೊಕ್ಕದ ಚೌಕಾಸಿಗೆ ಇಳಿಯುವ ಮೊದಲೇ ನಮ್ಮ ಅತ್ತೆ ಕೋಲು ಊರಿಕೊಂಡು ಎದ್ದು ಬಂದರು.

"ಬಸುರಿ ಇದ್ದ ಮನಿ ಬಿಚ್ಚಬಾರದು."

"ಬಸುರಿ ಹಿರೇಕೆರೂರಾಗ ಅದಾಳಲ್ಲಬೇ," ಅಂದರು ನಮ್ಮವರು.

"ಹಡಿಯೂದು ಇಲ್ಲೇ ಅಂದಮ್ಯಾಲೆ ಇದೂ ಅಕೀ ಮನೀನ. ದೇವರ ಜಗಲಿ, ಒಲಿ, ಎಲ್ಲಾ ಬಯಲಿಗೆ ಹಾಕ್ತೀರೇನು?"

ಕಂಟ್ರಾಕ್ಟರ ನಕ್ಕ. "ಯಾವ ಕಾಲದಾಗ ಅದೀರಿ ಅಜ್ಜಿ? ರಷ್ಯಾದಾವ್ರು ಆಕಾಶಕ್ಕ ನಾಯಿ ಕಳಿಸ್ಯಾರ."

"ಕಳಿಸ್ಲಿ ಬಿಡಪಾ. ಆ ನಾಯಿ ಬಸುರಿ ಇರಲಿಲ್ಲಲಾ."

ಆತ ಸೈಕಲ್ ಹತ್ತಿದ. ನೀವೂ ನಗುತ್ತಿರಬಹುದು. ನಾನು ನಗಲಿಲ್ಲ. ಹೋದ ವರ್ಷದ್ದು ಇನ್ನೂ ಹಸಿ ಇದೆ. ಅತ್ತೆಯ ಮಾತು ಮೂಢನಂಬಿಕೆ ಎಂದು ಪುಸ್ತಕದಲ್ಲಿ ಬರೆದಿರಬಹುದು, ಆದರೆ ಮಗಳ ಹೊಟ್ಟೆಯ ಮೇಲೆ ಪಂಥ ಕಟ್ಟುವ ಧೈರ್ಯ ಯಾವ ತಾಯಿಗಿದೆ? ಬಿಚ್ಚಿದರೆ ಭಯ. ಬಿಚ್ಚದಿದ್ದರೆ ಮಗಳು ಬರುವುದಿಲ್ಲ. ತಾರಕೇಶ್ವರನ ಗುಡಿಗೆ ಹೋಗಿ ಕುಳಿತೆ. ನೀನೇ ಏನಾದರೂ ದಾರಿ ತೋರಿಸು ಎಂದೆ.

ದಾರಿ ಸವಣೂರಿನಿಂದ ಬಂತು. ಗಿರಣಿಯ ಗೋಡೆ ಕಟ್ಟಲು ಬಂದಿದ್ದ ಗೌಂಡಿ ಇಮಾಮಸಾಬರು, ವಯಸ್ಸು ಅರವತ್ತು ದಾಟಿದ್ದವರು, ನಮ್ಮವರ ಮಾತಿಗೆ ಮನೆ ನೋಡಲು ಬಂದರು. ಅತ್ತೆ ತಮ್ಮ ಮಾತನ್ನು ಮತ್ತೆ ಹೇಳಿದರು. ಇವರು ನಗಲಿಲ್ಲ.

"ನಮ್ಮ ಮಂದಿಯೊಳಗೂ ಹಂಗ ಅಂತಾರ್ರಿ ಅಮ್ಮಾರ. ನಮ್ಮ ತಾಯಿನೂ ಅಂತಿದ್ಲು. ಬಿಚ್ಚೂದು ಬ್ಯಾಡ. ದಿನಕ್ಕ ಒಂದ ಖಣ ತಗದು, ಸಂಜಿ ದೀಪ ಹಚ್ಚೂದ್ರಾಗ ಅದನ್ನ ಮುಚ್ಚೇ ಇಳೀತೇನಿ. ಮನಿ ಒಂದು ರಾತ್ರಿನೂ ಬಯಲಾಗೂದಿಲ್ಲ."

ಅತ್ತೆ ಕೋಲಿನಿಂದ ಅಂಗಳ ತೋರಿಸಿದರು. "ಅಂಗಳದಾಗ ಕುಂತು ನೋಡ್ತೇನಿ ನಾ."

"ನೋಡ್ರಿ. ಆದ್ರ ಅಕ್ಕಾರ," ಎಂದು ನನ್ನ ಕಡೆ ತಿರುಗಿದರು, "ಮೂರ ದಿನದ್ದು ಏಳ ದಿನ ಆಕ್ಕೈತಿ. ನಾಕು ದಿನದ ಕೂಲಿ ಹೆಚ್ಚಿಗಿ. ಸುಳ್ಳ ಹೇಳೂದಿಲ್ಲ."

ಈ ಒಂದು ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಹೆಚ್ಚಾಗುವುದನ್ನು ಮೊದಲೇ ಹೇಳುವ ಗೌಂಡಿ ನಿಮಗೆ ಎಷ್ಟು ಜನ ಸಿಕ್ಕಿದ್ದಾರೆ?

ಅವರು ಏಣಿ ಹಾಕಿ ಮೇಲೆ ಹತ್ತಿದರು, ಜಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದರು, ಇಳಿದು ಹೇಳಿದರು. ಏಳು ಖಣದಲ್ಲಿ ಎರಡರ ಜಂತಿ ಮಾತ್ರ ಗೆದ್ದಲು ತಿಂದಿವೆ, ಉಳಿದವು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತವೆ. ಹೆಂಚು ಸಾವಿರದ ಐವತ್ತು ಸಾಕು. (ಐವತ್ತು ಲಾರಿಯಲ್ಲಿ ಒಡೆಯುವುದಕ್ಕೆ. ನಮ್ಮವು ಹತ್ತೊಂಬತ್ತೇ ಒಡೆದವು. ದೇವರ ದಯೆ.) ಹೆಂಚು, ಲಾರಿ ಬಾಡಿಗೆ, ರೀಪು, ಮೊಳೆ, ಎರಡು ಖಣದ ಜಂತಿ, ಏಳು ದಿನದ ಕೂಲಿ, ಎಲ್ಲ ಸೇರಿ ನಾಲ್ಕುನೂರಾ ಅರವತ್ತು. ಹಳೆಯ ಹೆಂಚು ನಮಗೇ. ಕೊಟ್ಟಿಗೆಗೆ ಆಯಿತು. ನಾಲ್ಕು ದಿನ ಹೆಚ್ಚು ಹಿಡಿದೂ ಎಂಟುನೂರಾ ಐವತ್ತರ ಹತ್ತಿರವೂ ಹೋಗಲಿಲ್ಲ ನೋಡಿ!

ಮೊದಲ ದಿನ ಬೆಳಿಗ್ಗೆ ಇಮಾಮಸಾಬರು ಕೇಳಿದರು. "ಯಾವ ಖಣದಿಂದ ಹಿಡೀಲಿ?"

ನಮ್ಮವರಿಗೆ ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಬಲತುದಿಯಿಂದ ಆಗಲಿ ಎಂಬ ಆಸೆ. ಅತ್ತೆಯ ಹಾಸಿಗೆ, ಜಪದ ಮಣೆ ಇರುವುದೂ ಅಲ್ಲೇ, ಕಡೆಯ ಎರಡು ಖಣದಲ್ಲಿ. ಅತ್ತೆ ಕೋಲೆತ್ತಿ ಎಡತುದಿಯ ಬಾಣಂತಿ ಕೋಣೆ ತೋರಿಸಿದರು. "ಅಲ್ಲಿಂದ. ನಂದು ಕಡೀಕ."

ಸಿಟ್ಟಿನಿಂದ ಹೇಳಿದರು ಎಂದುಕೊಂಡೆ. ತಮ್ಮ ಮಾತು ಪೂರಾ ನಡೆಯಲಿಲ್ಲವಲ್ಲ ಎಂಬ ಮುನಿಸು ಇರಬೇಕು ಎಂದುಕೊಂಡೆ. (ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತರೂ ಮನುಷ್ಯರನ್ನು ಓದಲು ಬರುವುದಿಲ್ಲ ನನಗೆ.)

ನಾಲ್ಕು ದಿನ ಎಲ್ಲ ಸುಸೂತ್ರ. ಅತ್ತೆ ಅಂಗಳದಲ್ಲಿ ಕೊಡೆ ಹಿಡಿದು ಕುಳಿತು ಪ್ರತಿ ಹೆಂಚನ್ನೂ ನೋಡಿದರು. ನಾನು ಚಹಾ ಮಾಡಿದೆ. ದೀಪ ಹಚ್ಚುವ ಹೊತ್ತಿಗೆ ಆ ದಿನದ ಖಣ ಮುಚ್ಚಿರುತ್ತಿತ್ತು.

ಐದನೇ ದಿನ ಮಧ್ಯಾಹ್ನ ಮೂರಕ್ಕೆ, ದೇವರ ಜಗಲಿಯ ಮೇಲಿನ ಖಣ ಪೂರಾ ತೆರೆದಿದ್ದಾಗ, ಇಮಾಮಸಾಬರು ಮೇಲಿನಿಂದ ಕೂಗಿದರು. "ಅಕ್ಕಾರ! ನಿಮ್ಮ ಮಗಳು ಬಂದ್ಲು ನೋಡ್ರಿ!"

ಬಸ್ ಸ್ಟ್ಯಾಂಡಿನ ಕಡೆಯಿಂದ ಶಾಂತಾ ಬರುತ್ತಿದ್ದಳು, ಟ್ರಂಕು ಹಿಡಿದ ಅಳಿಯಂದಿರ ಜೊತೆ. ಪಂಚಾಂಗದಲ್ಲಿ ಅದೊಂದೇ ಒಳ್ಳೆಯ ದಿನವಂತೆ, ಆಮೇಲೆ ಮೂರು ವಾರ ಇಲ್ಲವಂತೆ. ಕಾರ್ಡು ಹಾಕಿದ್ದರು. (ಆ ಕಾರ್ಡು ಮರುದಿನ ಬಂತು.) ಹೊಸ ಹೆಂಚಿನ ಸುದ್ದಿ ಕೇಳಿ ಬೀಗಿತ್ತಿ ಒಪ್ಪಿ ಕಳಿಸಿದ್ದರು.

"ಅಲ್ಲೇ ನಿಂದ್ರ!" ಅತ್ತೆ ಕೋಲು ಅಡ್ಡ ಹಿಡಿದು ಕೂಗಿದರು. "ಹೊಸ್ತಿಲಾ ದಾಟಬ್ಯಾಡ!"

ಹುಡುಗಿ ಬೀದಿಯಲ್ಲೇ ನಿಂತಳು. ನಾನು ಓಡಿಹೋಗಿ ವಿಷಯ ಹೇಳುವವರೆಗೆ ಯಾರಿಗೋ ಏನೋ ಆಗಿದೆ ಎಂದು ತಿಳಿದಿದ್ದಳಂತೆ. ಎದುರು ಮನೆಯ ಗಂಗಕ್ಕ ಅವಳನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ಊಟದ ತಾಟು ಹಚ್ಚಿದಳು. ವಾಪಸು ಕಳಿಸುವಂತಿಲ್ಲ, ಒಳಗೆ ಕರೆಯುವಂತಿಲ್ಲ, ಸೂರ್ಯ ನಮಗಾಗಿ ನಿಲ್ಲುವುದಿಲ್ಲ.

ಗಿರಣಿಯಿಂದ ನಮ್ಮವರು ಓಡಿ ಬಂದರು. ಎಲ್ಲರೂ ಸಾಲಾಗಿ ನಿಂತೆವು. ಒಟ್ಟಿದ್ದ ಹೆಂಚು ಎತ್ತಿ ಕೊಡುವವಳು ನಾನು, ನನ್ನಿಂದ ನಮ್ಮವರು, ಅವರಿಂದ ಅಳಿಯಂದಿರು, ಅವರಿಂದ ಏಣಿಯ ಮೇಲಿನ ಆಳು. ಅಳಿಯಂದಿರಿಗೆ ಕಾಲಿಗೆ ನೀರು ಕೊಡುವ ಮೊದಲು ಕೈಗೆ ಹೆಂಚು ಕೊಟ್ಟ ಮನೆ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಜರಿ ಅಂಚಿನ ಧೋತರ ಕೆಮ್ಮಣ್ಣಾಯಿತು. ಪಾಪ, ಮುಂದಿನ ಹೆಂಚಿಗೆ ಕೈ ಚಾಚಿದರು.

ಎದುರು ಕಟ್ಟೆಯಿಂದ ಶಾಂತಾ ಮಾತ್ರ ಸುಮ್ಮನಿರಲಿಲ್ಲ. "ಅವ್ವಾ, ತವರಮನಿಗೆ ಬಂದು ಎದುರಮನಿಯಾಗ ಉಂಡೆ ಅಂತ ನಮ್ಮ ಅತ್ತಿಗೆ ಹೇಳ್ಲೇನು?"

"ಹೇಳಿದ್ರ ಜ್ವಾಕಿ!" ಎಂದೆ, ಕೈಯಲ್ಲಿ ಹೆಂಚು ಹಿಡಿದು.

ಕೊನೆಯ ಹೆಂಚು ಕೂತಾಗ ಇನ್ನೂ ಬೆಳಕಿತ್ತು. ಇಮಾಮಸಾಬರು ಇಳಿದು ಕೈ ಒರೆಸಿಕೊಂಡರು. "ಈಗ ಕರೀರಿ."

ಮಗಳು ಒಳಗೆ ಬಂದಳು. ಜಗಲಿಯ ಮುಂದೆ ದೀಪ ಹಚ್ಚಿದೆ. ಹೊರಗೆ ಬಂದು ನೋಡಿದರೆ ಇಮಾಮಸಾಬರು ಏಣಿ ಇಳಿಸಿ ಹೊರಡುತ್ತಿದ್ದರು.

"ಇನ್ನೆರಡು ಖಣ?"

"ಕೂಸು ಬಂದು, ತೊಟ್ಲಾಗ ಹಾಕಿದ ಮ್ಯಾಲೆ. ಬಸುರಿ ಒಳಗ ಇದ್ದಾಗ ನಾ ಆ ಮನೀ ಹೆಂಚಿಗೆ ಕೈ ಹಚ್ಚೂದಿಲ್ಲ." ಏಳು ದಿನದ ಕೂಲಿ ಕೊಡಲು ಹೋದೆ. ಐದು ದಿನದ್ದು ಎಣಿಸಿ ತೆಗೆದುಕೊಂಡು ಉಳಿದದ್ದನ್ನು ನನ್ನ ಕೈಯಲ್ಲೇ ಇಟ್ಟರು.

ಹೀಗಾಗಿ ಐದು ಕೆಂಪು, ಎರಡು ಕಪ್ಪು. ಎರಡು ಖಣದ ಹೆಂಚು ಅಂಗಳದಲ್ಲಿ ಒಟ್ಟಿದೆ, ಅದರ ಮೇಲೆ ಕೋಳಿ ಕೂರುತ್ತವೆ.

ಆದ್ದರಿಂದ ಕೇಳಿ. ನಮ್ಮಂಥ ಏಳು ಖಣದ ಮನೆಗೆ ನಾಲ್ಕುನೂರರಿಂದ ಐದುನೂರು ಹಿಡಿಯಿರಿ. ಮೇಲೆ ಹತ್ತದೆ ರೇಟು ಹೇಳುವವರಿಗೆ ಚಹಾ ಕೊಟ್ಟು ಕಳಿಸಿ. ಜಂತಿ ಬಡಿದು ನೋಡಿದವರ ಮಾತು ನಂಬಿ. ಹಳೆಯ ಹೆಂಚು ಬಿಟ್ಟುಕೊಡಬೇಡಿ. ಮಿರಗದ (ಮೃಗಶಿರಾ) ಮಳೆಗೆ ಒಂದು ತಿಂಗಳು ಮೊದಲೇ ಹಿಡಿಯಿರಿ.

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಮೊನ್ನೆ ಮೊದಲ ಮಳೆ ಬಂತು.

ಶಾಂತಾ ತನ್ನ ಕೋಣೆಯಲ್ಲಿ ಬೆಚ್ಚಗೆ ಮಲಗಿದ್ದಳು. ನೆಲದ ಮೇಲೆ ಒಂದು ಹನಿ ಇಲ್ಲ. ಬಲತುದಿಗೆ ಹೋದರೆ ಅತ್ತೆ ನಾಲ್ಕು ಪಾತ್ರೆಗಳ ನಡುವೆ ಮಣೆಯ ಮೇಲೆ ಕುಳಿತು ಜಪ ಮಾಡುತ್ತಿದ್ದರು. ಹಾಸಿಗೆ ಸುತ್ತಿಟ್ಟಿದ್ದರು.

"ಅತ್ತೀ, ಮೊದಲ ನಿಮ್ಮ ಖಣಾನ ಮಾಡಿಸಿದ್ರ ಇಷ್ಟರಾಗ ಆಗಿರ್ತಿತ್ತು. ಯಾಕ ಕಡೀಕ ಅಂದ್ರಿ?"

ಅವರು ಜಪಸರ ನಿಲ್ಲಿಸಲಿಲ್ಲ. "ಏಳ ದಿನ ಅಂದ್ರ ಏಳ ದಿನಾನ ಸಿಗತಾವೇನಬೇ? ನಡಕ ಏನರ ಬಂದು ನಿಂತ್ರ, ಉಳಿಯೂದು ನಂದ ಉಳೀಲಿ ಅಂತ ಅಂದೆ. ಹೋಗು, ಹುಡುಗಿಗೆ ಹಾಲು ಕಾಸು."

ಹಾಲು ಕಾಸಿದೆ. ಬಂದು ಅವರ ಪಾತ್ರೆಯ ನೀರು ಚೆಲ್ಲಿ ಮತ್ತೆ ಇಟ್ಟೆ.

ಹೆಂಚಿಗೆ ಎಷ್ಟು ಬೀಳುತ್ತದೆಂದು ಯಾವ ಗೌಂಡಿಯಾದರೂ ಹೇಳಿಯಾನು. ನಿಮ್ಮ ಮನೆಯಲ್ಲಿ "ನಂದು ಕಡೀಕ" ಅನ್ನುವವರು ಯಾರು?