ಗೆಟ್ಟಿಗೂ ಗೇಟಿಗೂ ನಡುವೆ

ಚಿಂತಾಮಣಿಯ ನಮ್ಮ ಅಡುಗೆಮನೆಯಲ್ಲಿ ಇಟಲಿಯ ಪುಟ್ಟ ಕಾಫಿಪಾತ್ರೆಯೊಂದಿದೆ. ಇವತ್ತು ಬೆಳಿಗ್ಗೆ ಅದು ಗೊರಗೊರ ಎಂದು ಉಕ್ಕಿ ಮನೆಯೆಲ್ಲ ವಾಸನೆ ತುಂಬಿದಾಗ ನನಗೆ ‘ಗೆಟ್’ ಎಂಬ ಇಂಗ್ಲಿಷ್ ಪದ ನೆನಪಾಯಿತು. ನಗಬೇಡಿ, ಕಾರಣವಿದೆ.

ಪೆರೇಸಂದ್ರದಲ್ಲಿರುವ ನನ್ನ ಅಕ್ಕನ ಮಗ ಮೋಹನ ಶಿಡ್ಲಘಟ್ಟದಲ್ಲಿ ರೇಷ್ಮೆನೂಲಿನ ವ್ಯಾಪಾರ ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ, ರೇಷ್ಮೆ ಕೆಲಸ ಕಲಿಯಲು ಇಟಲಿಯಿಂದ ಬಂದಿದ್ದ ಜೂಲಿಯಾಳನ್ನು ಮನೆಗೇ ಕರೆತಂದು, ಮದುವೆಯಾದರೆ ಇವಳನ್ನೇ ಎಂದ. ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನಗೆ ಫೋನು ಮಾಡಿದಳು. "ನೀನು ಇಂಗ್ಲಿಷ್ ಮೇಷ್ಟ್ರಲ್ವೇನಪ್ಪ, ಬಂದು ಮಾತಾಡು. ನಂಗಂತೂ ತಲೆ ಕೆಟ್ಟೋಗೈತೆ."

ಹೋದೆ. ಜೂಲಿಯಾಳ ಸಂಕಟವೆಲ್ಲ ‘ಗೆಟ್’ ಮೇಲೆ. ಸಿಕ್ಕರೂ ಗೆಟ್, ತಂದರೂ ಗೆಟ್, ಅರ್ಥವಾದರೂ ಗೆಟ್, ಬಸ್ಸು ಹತ್ತಿದರೂ ಇಳಿದರೂ ಗೆಟ್, ಮದುವೆಯಾದರೂ ಗೆಟ್. ಇಟಲಿಯವರಿಗೆ ಒಂದೊಂದಕ್ಕೂ ಬೇರೆ ಬೇರೆ ಪದವಂತೆ. ವರ್ಷಗಟ್ಟಲೆ ಪಾಠ ಮಾಡಿದವನಿಗೆ ಕೇಳುವ ಕಿವಿ ಸಿಕ್ಕರೆ ಬಿಡುವುದುಂಟೇ? ವಿವರಿಸಿಯೇ ವಿವರಿಸಿದೆ. ಒಳಗಿನಿಂದ ಅಕ್ಕ ಕೂಗಿದಳು. "ಆಗ್ಲಿಂದ ಅದೇನೋ ಗೇಟು ಗೇಟು ಅಂತಿದೀರ? ಗೇಟ್ ಹಾಕೇ ಐತೆ ಕಣೋ."

ನಗು ಬಂತು, ಹಿಂದೆಯೇ ಪಿಚ್ಚೆನಿಸಿತು. ಆ ಹುಡುಗಿಗೆ ಈ ಮನೆಯ ಗೇಟು ತೆರೆಯುವುದೋ ಇಲ್ಲವೋ ಎಂಬುದೇ ಅಲ್ಲಿದ್ದ ಪ್ರಶ್ನೆ.

ಮಾತು ಬದಲಿಸಲು, ಒಂದೇ ಪದಕ್ಕೆ ಇಷ್ಟೊಂದು ಹೊರೆ ಹೊರಿಸುವ ಅಭ್ಯಾಸ ಕನ್ನಡಕ್ಕಿಲ್ಲ ಎಂದು ಜಂಬ ಕೊಚ್ಚಿದೆ. "ಹಾಗಾದರೆ ಆಯ್ತು ಅಂದರೇನು?" ಎಂದು ಜೂಲಿಯಾ ಇಂಗ್ಲಿಷಿನಲ್ಲಿ ಕೇಳಿದಳು. ಊಟ ಆಯ್ತು, ಹೊತ್ತಾಯ್ತು, ಒಪ್ಪಿದರೂ ಆಯ್ತು, ಜಗಳವಾಡಿದವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗಲ್ಲ. ಎಣಿಸುತ್ತ ಹೋದ ಮೇಷ್ಟ್ರ ಬೆರಳುಗಳೇ ಮುಗಿದವು.

ಅಷ್ಟರಲ್ಲಿ ಎದುರುಮನೆಯ ಲಕ್ಷ್ಮಮ್ಮ ಬಂದು, ಜೂಲಿಯಾಳನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಕಡೆ ನೆಂಟಸ್ತಿಕೆ ಕೇಳುವ ರೀತಿಯಲ್ಲೇ ಕೇಳಿದರು. "ಈಯಮ್ಮ ನಿಮಗೆ ಏನಾಗ್ಬೇಕಕ್ಕ?"

ಮೋಹನ ನೆಲ ನೋಡಿದ. ಅಕ್ಕ ಕಾಫಿ ಲೋಟ ಜೂಲಿಯಾಳ ಕೈಗಿಟ್ಟು, "ಸೊಸೆ ಆಗ್ಬೇಕು" ಎಂದಳು.

ಸಂಬಂಧದಲ್ಲಿ ಸೊಸೆ ಎಂದಳೋ, ಇನ್ನು ಮುಂದೆ ಸೊಸೆಯಾಗಲಿ ಎಂದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಮೋಹನನಿಗೆ ಎರಡರಲ್ಲಿ ಯಾವುದಾದರೂ ಸಾಕಿತ್ತು. ಜೂಲಿಯಾ ನನ್ನತ್ತ ತಿರುಗಿ ಏನಂದರು ಎಂದು ಕೇಳಿದಳು. "ಯೂ ಗಾಟ್ ಇಟ್" ಎಂದೆ. ನನ್ನ ಕಣ್ಣು ಒದ್ದೆಯಾಗಿತ್ತು.

ಈ ಕಾಫಿಪಾತ್ರೆ ಅವಳು ಕೊಟ್ಟದ್ದು. ಇದನ್ನು ಬರೆಯುತ್ತಿರುವಾಗಲೇ ಪೆರೇಸಂದ್ರದಿಂದ ಅವಳ ಫೋನು ಬಂತು. "ಮಾವಾ, ಕಾಫಿ ಆಯ್ತಾ?"

ಲೋಟ ಆಗಲೇ ಖಾಲಿಯಾಗಿತ್ತು. "ಇನ್ನೂ ಇಲ್ಲಮ್ಮ, ಅಲ್ಲಿಗೇ ಬರ್ತೀನಿ" ಎಂದೆ.